ಕಾರಿನ ಕಂಪನಿ ಸೌಂಡು ಸಾಕೇ? ಬದಲಿಸುವುದಾದರೆ ಯಾವುದು ಮೊದಲು, ಯಾವುದು ಬೇಡ

ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದಿನ ಕಾರ್ ಡೆಕೋರ್ ಅಂಗಡಿಯಾಗಲಿ, 'ಸೌಂಡ್ ಅಷ್ಟಕ್ಕಷ್ಟೇ' ಎಂದು ಬಾಯಿಬಿಟ್ಟರೆ ಮೊದಲು ಎದುರಿಗೆ ಬರುವುದು 9 ಇಂಚಿನ ಆಂಡ್ರಾಯ್ಡ್ ಪರದೆ. ಅದರ ಹಿಂದೆಯೇ ಡಿಕ್ಕಿಗೆ ಕೂರಿಸುವ 12 ಇಂಚಿನ ಬಾಸ್ ಡಬ್ಬ. ಎರಡೂ ಕಣ್ಣಿಗೆ ಕಾಣುತ್ತವೆ, ಹಾಗಾಗಿ ಮಾರುವುದು ಸಲೀಸು. ಆದರೆ ಹೆಚ್ಚಿನ ಕಾರುಗಳಲ್ಲಿ ಸೌಂಡ್ ಹಾಳಾಗುವ ಜಾಗ ಮುಂಬಾಗಿಲು. ತೆಳು ತಗಡು, ಅದರಲ್ಲಿ ಅಂಗೈಯಗಲದ ತೂತುಗಳು, ಮೇಲೆ ಪ್ಲಾಸ್ಟಿಕ್ ಪ್ಯಾಡು, ನಡುವೆ 6.5 ಇಂಚಿನ ಒಂದು ಬಡಪಾಯಿ ಸ್ಪೀಕರ್. ಇಷ್ಟನ್ನು ಹಾಗೇ ಬಿಟ್ಟು ಪರದೆ ಬದಲಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು ನಮ್ಮಲ್ಲಿ ಎಲ್ಲೆಲ್ಲೂ ಓಡಾಡುವ ಬಗೆಯ ಹ್ಯಾಚ್‌ಬ್ಯಾಕ್ ಅಥವಾ ಸಣ್ಣ ಎಸ್‌ಯುವಿ: ನಾಲ್ಕು ಬಾಗಿಲಲ್ಲೂ ಸ್ಪೀಕರ್, ಮೇಲಿನ ವೇರಿಯಂಟ್ ಆದರೆ ಎರಡು ಟ್ವೀಟರ್ (ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್), ಕಂಪನಿಯದೇ ಟಚ್‌ಸ್ಕ್ರೀನ್, ಸದ್ದಿಗೆ ಬಲ ಕೊಡುವ ಪ್ರತ್ಯೇಕ ಆ್ಯಂಪ್ (ಆಂಪ್ಲಿಫೈಯರ್) ಇಲ್ಲ. ದರಗಳು ಅಂದಾಜಿನವು, ಊರು, ಬ್ರ್ಯಾಂಡು ನೋಡಿ ಆಚೀಚೆ ಆಗುತ್ತವೆ.

ಕೈಯಿಂದ ಕಾಸು ಬಿಡುವ ಮುನ್ನ

ಅರ್ಧ ಗಂಟೆ ಕಾರಿನಲ್ಲೇ ಕೂತು ನೋಡಿ. ಎಂಜಿನ್ ಬಂದ್, ಎಸಿ ಬಂದ್. ಬಾಸ್, ಮಿಡ್, ಟ್ರೆಬಲ್ ಎಲ್ಲವನ್ನೂ ಸೊನ್ನೆಗೆ ತನ್ನಿ. ಲೌಡ್‌ನೆಸ್, ಸರೌಂಡ್ ಇತ್ಯಾದಿ ಏನಿದ್ದರೂ ಆರಿಸಿ. ಫೇಡರ್ (ಸದ್ದನ್ನು ಮುಂದಿನ, ಹಿಂದಿನ ಸ್ಪೀಕರ್‌ಗಳಿಗೆ ಹಂಚುವ ಸೆಟ್ಟಿಂಗು) ಎರಡು ಮೂರು ಹೆಜ್ಜೆ ಮುಂದಕ್ಕೆ ಬರಲಿ. ಬ್ಲೂಟೂತ್ ಆದರೆ ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ, ಕಾರಿನದನ್ನು ಮಾತ್ರ ಹೆಚ್ಚುಕಡಿಮೆ ಮಾಡಿ. ಹಾಡಿನ ಆ್ಯಪ್‌ನಲ್ಲಿ ಡೇಟಾ ಉಳಿಸುವ ಆಯ್ಕೆ ಹಾಕಿಕೊಂಡಿದ್ದರೆ ತೆಗೆದು, ಉತ್ತಮ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಕೊಂಡು, ಅದೇ ಹಾಡನ್ನು ಒಮ್ಮೆ ಕೇಬಲ್‌ನಲ್ಲಿ, ಒಮ್ಮೆ ಬ್ಲೂಟೂತ್‌ನಲ್ಲಿ ಕೇಳಿ. ಎಫ್‌ಎಂ ಕೇಳಿ ತೀರ್ಮಾನಕ್ಕೆ ಬರಬೇಡಿ. ಎಫ್‌ಎಂ ಪ್ರಸಾರದಲ್ಲಿ 15,000 ಹರ್ಟ್ಸ್‌ಗಿಂತ ಮೇಲಿನದ್ದು ಬರುವುದೇ ಇಲ್ಲ. ಸಾವಿರ ರೂಪಾಯಿಯ ಟ್ವೀಟರಾಗಲಿ, ಇಪ್ಪತ್ತು ಸಾವಿರದ್ದಾಗಲಿ, ಇಲ್ಲದ್ದನ್ನು ಹುಟ್ಟಿಸಲಾರದು.

ಮುಂದಿನ ಪರೀಕ್ಷೆ ಬ್ಯಾಲೆನ್ಸ್‌ನದು. ಬಾಸ್ ಇರುವ ಹಾಡು ಹಾಕಿ, ಸೌಂಡ್ ಪೂರ್ತಿ ಎಡಕ್ಕೆ ತಳ್ಳಿ, ನಂತರ ಪೂರ್ತಿ ಬಲಕ್ಕೆ, ಆಮೇಲೆ ನಡುವಿಗೆ. ನಡುವಿಗೆ ಬಂದಾಗ ಬಾಸ್ ತುಂಬಿಕೊಳ್ಳಬೇಕು. ಅದರ ಬದಲು ಸೊರಗಿತು ಅನ್ನಿಸಿದರೆ ಒಂದು ಬಾಗಿಲ ಸ್ಪೀಕರ್‌ಗೆ ಪ್ಲಸ್ ಮೈನಸ್ ಅದಲುಬದಲಾಗಿದೆ: ಒಂದು ಕೋನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ಎರಡೂ ಸೇರಿ ಬಾಸ್ ನುಂಗುತ್ತವೆ. ಹಿಂದಿನ ಮಾಲೀಕರು ಸ್ಪೀಕರ್ ಬದಲಿಸಿದ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಇದು ಬೇಕಾದಷ್ಟು ಸಿಗುತ್ತದೆ. ಎರಡು ವೈರ್ ತಿರುಗಿಸಿದರೆ ಮುಗಿಯಿತು, ಪೈಸೆ ಖರ್ಚಿಲ್ಲ.

ಕೊನೆಗೆ ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 40 ಹರ್ಟ್ಸ್‌ನಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಬಾಗಿಲು 'ಟರ್ರ್' ಅನ್ನುತ್ತದೆ. ಆಗ ಪ್ಯಾಡನ್ನು ಅಂಗೈಯಲ್ಲಿ ಒತ್ತಿ. ನಿಂತರೆ ಕ್ಲಿಪ್ ಸಡಿಲ. ಬಾಟಲಿ ಜಾಗದಲ್ಲಿರುವ ಚಿಲ್ಲರೆ, ನಂಬರ್ ಪ್ಲೇಟು, ಡಿಕ್ಕಿಯ ಜಾಕು, ಕನ್ನಡಿಯ ಮೇಲಿನ ಫಾಸ್ಟ್ಯಾಗ್ ಪಕ್ಕದ ರುದ್ರಾಕ್ಷಿ ಮಾಲೆ, ಹೀಗೆ ಅರ್ಧ ಸದ್ದು ಸ್ಪೀಕರ್‌ನದ್ದೇ ಆಗಿರುವುದಿಲ್ಲ.

ಇಷ್ಟಾದ ಮೇಲೆ ಸೌಂಡ್ ಸಾಕು ಅನ್ನಿಸಿತೇ? ಹಾಗಾದರೆ ಸಾಕು. ದಿನಕ್ಕೆ ಇಪ್ಪತ್ತು ನಿಮಿಷ ಸುದ್ದಿ, ಫೋನು, ಹಳೆಯ ಭಾವಗೀತೆ ಕೇಳುವವರಿಗೆ ಮುಂದಿನ ಯಾವ ಖರ್ಚೂ ಅಗತ್ಯವಿಲ್ಲ.

ಡಬ್ಬದ ಮೇಲಿನ ವಾಟ್

'4 × 50 ವಾಟ್' ಎಂದು ಸ್ಟೀರಿಯೊ ಡಬ್ಬದ ಮೇಲೆ ಬರೆದಿರುವುದರ ಗುಟ್ಟು ಸರಳ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. 4 ಓಮ್ ಸ್ಪೀಕರ್‌ಗೆ (ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಅಷ್ಟನ್ನೂ ಚೌಕಾಕಾರದ ಅಲೆಯಾಗಿ, ಅಂದರೆ ಪೂರ್ತಿ ಒಡೆದ ಸದ್ದಾಗಿ ಸುರಿದರೆ 14.4 ಗುಣಿಸು 14.4 ಭಾಗಿಸು 4, ಸುಮಾರು 52 ವಾಟ್. ಆ 50 ಬಂದದ್ದು ಅಲ್ಲಿಂದ. ಸಂಗೀತದಂಥ ದುಂಡನೆಯ ಅಲೆಗೆ ಇದೇ ಲೆಕ್ಕ ಹಾಕಿದರೆ 26 ವಾಟ್ ಸಿಗುತ್ತದೆ; ಸ್ಟೀರಿಯೊದೊಳಗಿನ ಆ್ಯಂಪ್ ಚಿಪ್ಪಿನ ನಷ್ಟ ಕಳೆದು ಒಡೆಯದ ಸದ್ದು ಬೇಕೆಂದರೆ ಸುಮಾರು 18ರಿಂದ 20. ಕಂಪನಿಯ ಟಚ್‌ಸ್ಕ್ರೀನ್ ಆಗಲಿ, ಹೊರಗೆ ಹತ್ತು ಸಾವಿರ ಕೊಟ್ಟು ತಂದದ್ದಾಗಲಿ, ಒಳಗಿರುವುದು ಇದೇ ಬಗೆಯ ಚಿಪ್ಪು. ಹೀಗಾಗಿ 'ಹೊಸ ಪರದೆ ಹಾಕಿಸಿ, ಪವರ್ ಜಾಸ್ತಿ ಬರುತ್ತೆ' ಅನ್ನುವ ಮಾತಿಗೆ ಬುಡವಿಲ್ಲ.

ಸ್ಪೀಕರ್ ಡಬ್ಬದ ಮೇಲಿನ 300, 350 ವಾಟ್ ಇನ್ನೂ ದೊಡ್ಡ ಜಾತ್ರೆ. ಅಲ್ಲಿ ನೋಡಬೇಕಾದ ಅಂಕಿ ಎರಡು: ಆರ್‌ಎಂಎಸ್ (ಸತತವಾಗಿ ತಾಳುವ ವಾಟ್) ಮತ್ತು ಸೆನ್ಸಿಟಿವಿಟಿ (ಒಂದು ವಾಟ್‌ಗೆ ಎಷ್ಟು ಡೆಸಿಬೆಲ್ ಸದ್ದು). ಕಂಪನಿ ಸ್ಟೀರಿಯೊಗೇ ಜೋಡಿಸುವುದಾದರೆ ಎರಡನೆಯದೇ ಮುಖ್ಯ. 88 ಡೆಸಿಬೆಲ್‌ನ ಸ್ಪೀಕರ್ 36 ವಾಟ್ ತಿಂದು ಮಾಡುವಷ್ಟು ಸದ್ದನ್ನು 91 ಡೆಸಿಬೆಲ್‌ನದು 18 ವಾಟ್‌ನಲ್ಲಿ ಮಾಡುತ್ತದೆ. ಒಂದು ಎಚ್ಚರ: '2.83 ವೋಲ್ಟ್‌ಗೆ ಇಷ್ಟು' ಎಂದು ಬರೆದಿದ್ದರೆ 4 ಓಮ್ ಸ್ಪೀಕರ್‌ಗೆ ಅದು 1 ವಾಟ್ ಅಲ್ಲ, 2 ವಾಟ್. ಒಂದು ವಾಟ್‌ಗೆ ಅಳೆದ ಇನ್ನೊಂದರ ಜೊತೆ ಹೋಲಿಸುವಾಗ ಅದರಿಂದ 3 ಡೆಸಿಬೆಲ್ ಕಳೆಯಬೇಕು.

ಬಾಗಿಲೇ ಡಬ್ಬ

ಮನೆಯ ಸ್ಪೀಕರ್‌ಗೆ ಮರದ ಪೆಟ್ಟಿಗೆ ಯಾಕಿರುತ್ತದೆ? ಕೋನು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಅಷ್ಟೇ ಗಾಳಿ ಎಳೆಯುತ್ತದೆ. ಹಿಂದಿನದು ಸುತ್ತಿಕೊಂಡು ಮುಂದಕ್ಕೆ ಬಂದರೆ ಒಂದನ್ನೊಂದು ಅಳಿಸಿಹಾಕುತ್ತವೆ, ಎಲ್ಲಕ್ಕಿಂತ ಮೊದಲು ಬಾಸ್ ಹೋಗುತ್ತದೆ. ಕಾರಿನಲ್ಲಿ ಆ ಪೆಟ್ಟಿಗೆಯ ಕೆಲಸವನ್ನು ಬಾಗಿಲು ಮಾಡಬೇಕು. ಪ್ಯಾಡ್ ಬಿಚ್ಚಿ ನೋಡಿದರೆ ಒಳತಗಡಿನಲ್ಲಿ ಎರಡು ಮೂರು ದೊಡ್ಡ ಕಿಂಡಿಗಳು. ಗಾಜಿನ ಮೋಟಾರು, ಲಾಕು ರಿಪೇರಿ ಮಾಡಲೆಂದು ಬಿಟ್ಟವು. ಅವಕ್ಕೆ ತೆಳು ಪ್ಲಾಸ್ಟಿಕ್ ಹಾಳೆಯ ಪರದೆ. ಹೊರತಗಡಿಗೆ ಬೆರಳ ಗೆಣ್ಣಿನಿಂದ ಕುಟ್ಟಿದರೆ ಡಬ್ಬಿ ಬಡಿದ ಹಾಗೆ 'ಠಣ್' ಅನ್ನುತ್ತದೆ.

ಇಲ್ಲಿ ಮಾಡಬೇಕಾದ ಕೆಲಸ ಮೂರು. ಹೊರತಗಡಿನ ಒಳಮೈಗೆ ಅಲ್ಯೂಮಿನಿಯಂ ಹಾಳೆಯಿರುವ 2 ಮಿ.ಮೀ. ಬ್ಯೂಟೈಲ್ ರಬ್ಬರ್ ಶೀಟ್ ಅಂಟಿಸುವುದು. ಇಡೀ ತಗಡು ಮುಚ್ಚಬೇಕಾಗಿಲ್ಲ. ಕಾಲು ಭಾಗದಿಂದ ಅರ್ಧದಷ್ಟು, ಅದೂ ತಗಡಿನ ನಡುವೆ ಮತ್ತು ಸ್ಪೀಕರ್‌ನ ನೇರ ಹಿಂದೆ ಸಾಕು. ರೋಲರ್‌ನಿಂದ ಒತ್ತಿ ಒತ್ತಿ ಹಾಳೆಯ ಮೇಲಿನ ಉಬ್ಬು ಅಚ್ಚು ಚಪ್ಪಟೆಯಾಗುವವರೆಗೆ ಉಜ್ಜಬೇಕು. ಉಬ್ಬು ಹಾಗೇ ಉಳಿದಿದ್ದರೆ ಕೆಲಸಗಾರ ಅವಸರದಲ್ಲಿದ್ದ ಎಂದೇ ಅರ್ಥ. ಅಂಟಿಸುವ ಮೊದಲು ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು; ಧೂಳಿನ ಮೇಲೆ ಅಂಟಿಸಿದ್ದು ಮೊದಲ ಬೇಸಿಗೆಯಲ್ಲೇ ಜಾರಿ ಗಾಜಿನ ದಾರಿಗೆ ಅಡ್ಡ ಬೀಳುತ್ತದೆ. ಎರಡನೆಯದು, ಒಳತಗಡಿನ ಕಿಂಡಿಗಳನ್ನು ಮುಚ್ಚುವುದು. ದೊಡ್ಡ ಕಿಂಡಿಗೆ ಬರೀ ಶೀಟ್ ಅಂಟಿಸಿದರೆ ಡೋಲಿನ ಚರ್ಮದ ಹಾಗೆ ಅದೇ ಬಡಿದುಕೊಳ್ಳುತ್ತದೆ; ಹಿಂದೆ ತೆಳು ಅಲ್ಯೂಮಿನಿಯಂ ಅಥವಾ ಎಬಿಎಸ್ ಪ್ಲಾಸ್ಟಿಕ್ ಹಲಗೆ ಸ್ಕ್ರೂ ಹಾಕಿ ಕೂರಿಸಿ ಅದರ ಮೇಲೆ ಅಂಟಿಸಬೇಕು. ನಾಳೆ ಗಾಜಿನ ಮೋಟಾರ್ ಕೈಕೊಟ್ಟರೆ ಹಲಗೆ ಬಿಚ್ಚಿದರಾಯಿತು. ಮೂರನೆಯದು, ಪ್ಯಾಡ್ ಮತ್ತು ತಗಡು ತಾಗುವ ಕಡೆ, ವೈರ್ ಕಟ್ಟುಗಳಿಗೆ, ಲಾಕಿನ ಸರಳಿಗೆ ಫೋಮ್ ಟೇಪ್ ಸುತ್ತುವುದು. ಮುರಿದ ಕ್ಲಿಪ್‌ಗಳಿಗೆ ಹೊಸವು. ಒಂದು ಬಾಗಿಲಿಗೆ ಎರಡು ಮೂರು ಮುರಿಯುವುದು ಮಾಮೂಲಿ, ಮೊದಲೇ ಹತ್ತು ತಂದಿಟ್ಟುಕೊಂಡಿರಬೇಕು.

ಕಪ್ಪು ಟಾರ್ ಶೀಟ್ ಅಗ್ಗಕ್ಕೆ ಸಿಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲ ತಗಡು ಕೈ ಇಡಲಾಗದಷ್ಟು ಕಾಯುತ್ತದೆ. ಟಾರ್ ಮೆತ್ತಗಾಗಿ ಇಳಿಯುತ್ತದೆ, ಒಳಗೆಲ್ಲ ರಸ್ತೆ ಹಾಕುವ ವಾಸನೆ. ಕರಾವಳಿ, ಮಲೆನಾಡಿನವರು ಇನ್ನೊಂದನ್ನು ನೋಡಿಕೊಳ್ಳಬೇಕು: ಗಾಜಿನ ಸಂದಿಯಿಂದ ಮಳೆನೀರು ಬಾಗಿಲೊಳಕ್ಕೆ ಇಳಿಯುವುದು ಸಹಜ, ಅದು ಹೊರಹೋಗಲು ಬಾಗಿಲ ತಳದಲ್ಲಿ ಸಣ್ಣ ಸೀಳುಗಳಿವೆ. ಅವುಗಳ ಮೇಲೆ ಶೀಟ್ ಅಂಟಿಸಿದರೆ ಬಾಗಿಲು ಕೊಡಪಾನವಾಗುತ್ತದೆ, ತಿರುವಿನಲ್ಲಿ 'ಗುಳುಂ' ಅನ್ನುತ್ತದೆ, ಎರಡು ಮಳೆಗಾಲಕ್ಕೆ ತಳ ತುಕ್ಕು. ಹಾಗೆಯೇ ಕಂಪನಿಯ ಪ್ಲಾಸ್ಟಿಕ್ ಹಾಳೆ ಹರಿದು ಬಿಸಾಡಿ, ಕಿಂಡಿಯನ್ನೂ ಮುಚ್ಚದೆ ಪ್ಯಾಡ್ ಹಾಕಿಬಿಟ್ಟರೆ ನೀರು ನೇರ ಕಾಲುಚಾಪೆಗೆ.

ಎರಡು ಮುಂಬಾಗಿಲಿಗೆ ಶೀಟು, ಕೂಲಿ ಸೇರಿ 4,000ದಿಂದ 6,000 ರೂಪಾಯಿ. ಕಂಪನಿ ಸ್ಪೀಕರ್‌ಗಳನ್ನೇ ಇಟ್ಟುಕೊಂಡು ಇದೊಂದನ್ನೇ ಮಾಡಿಸಿದರೂ ಮೃದಂಗದ ಎಡದ 'ತೊಂ' ಗಟ್ಟಿಯಾಗಿ, ಒಂದೇ ಏಟಾಗಿ ಕೇಳುತ್ತದೆ. ಮೊದಲು ಅದು ಬಾಗಿಲ ಗುಂಯ್‌ಗುಡುವಿಕೆಯಲ್ಲಿ ಕರಗಿ ಹೋಗುತ್ತಿತ್ತು. ಬಾಗಿಲು ಹಾಕುವ ಸದ್ದೂ 'ಧಪ್' ಆಗುತ್ತದೆ, ಹೊರಗಿನ ಗದ್ದಲ ತುಸು ತಗ್ಗುತ್ತದೆ. ಐದು ಸಾವಿರಕ್ಕೆ ಇದಕ್ಕಿಂತ ಹೆಚ್ಚು ಕೊಡುವ ಕೆಲಸ ಕಾರ್ ಆಡಿಯೋದಲ್ಲಿ ಬೇರೊಂದಿಲ್ಲ. ಅಂಗಡಿಯವರು ಇದನ್ನು ತಾವಾಗಿ ಸೂಚಿಸುವುದು ಅಪರೂಪ: ಎರಡು ಮೂರು ತಾಸಿನ ಬೆವರಿನ ಕೆಲಸ, ಕೊನೆಗೆ ತೋರಿಸಲು ಏನೂ ಕಾಣುವುದಿಲ್ಲ.

ಸ್ಪೀಕರ್: ಕೊಆಕ್ಸಿಯಲ್ಲೋ, ಕಾಂಪೊನೆಂಟೋ

ಕೊಆಕ್ಸಿಯಲ್ ಅಂದರೆ ಊಫರ್ (ಕೆಳಗಿನ, ನಡುವಿನ ಸ್ವರಗಳ ದೊಡ್ಡ ಸ್ಪೀಕರ್) ನಡುವೆಯೇ ಟ್ವೀಟರ್ ಕೂತಿರುವುದು. ಜೋಡಿ 2,500ರಿಂದ 6,000. ಕಾಂಪೊನೆಂಟ್‌ನಲ್ಲಿ ಟ್ವೀಟರ್ ಬೇರೆ, ಊಫರ್ ಬೇರೆ, ನಡುವೆ ಸ್ವರಗಳನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್. 5,000ದಿಂದ 15,000, ಅದರ ಮೇಲೆ ಮಿತಿಯಿಲ್ಲ. ಬಾಗಿಲ ಸ್ಪೀಕರ್ ಮೊಣಕಾಲ ಕೆಳಗಿರುತ್ತದೆ. ಮೇಲಿನ ಸ್ವರಗಳು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಹೋಗುವಂಥವು, ಕೆಳಗಿನಿಂದ ಹೊರಟರೆ ಕಾಲಿಗೆ, ಸೀಟಿಗೆ ಬಡಿದು ಅಲ್ಲೇ ಉಳಿಯುತ್ತವೆ. ಹಾಗಾಗಿ ಕಾರಿನ ಮುಂಗಂಬ (ಮುಂಗಾಜಿನ ಪಕ್ಕದ ಕಂಬ) ಅಥವಾ ಕನ್ನಡಿಯ ಹಿಂದಿನ ತ್ರಿಕೋನದಲ್ಲಿ ಕಂಪನಿಯೇ ಟ್ವೀಟರ್ ಜಾಗ ಕೊಟ್ಟಿದ್ದರೆ ಕಾಂಪೊನೆಂಟ್ ತೆಗೆದುಕೊಳ್ಳಿ. ಜಾಗ ಇಲ್ಲ, ಕೊರೆಯಲು ಮನಸ್ಸೂ ಇಲ್ಲವೆಂದರೆ ಕೊಆಕ್ಸಿಯಲ್ ಸಾಕು. ಮುಂಗಂಬದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಂತೂ ಅಲ್ಲಿ ಹೊಸ ತೂತು ಕೊರೆಯುವ ಮಾತೇ ಬೇಡ.

ಒಂದು ತಪ್ಪು ಪದೇಪದೇ ಆಗುತ್ತದೆ. ಕಂಪನಿ ಟ್ವೀಟರ್‌ಗಳು ಬಾಗಿಲ ಸ್ಪೀಕರ್ ಜೊತೆ ಒಂದೇ ತಂತಿಯಲ್ಲಿ, ನಡುವೆ ಒಂದು ಕೆಪಾಸಿಟರ್ ಮಾತ್ರ ಇಟ್ಟು ಸಮಾನಾಂತರವಾಗಿ ಕೂತಿರುವುದೇ ಹೆಚ್ಚು. ಕೆಳಗೆ ಹೊಸ ಕೊಆಕ್ಸಿಯಲ್ ಹಾಕಿ ಮೇಲಿನ ಹಳೆಯ ಟ್ವೀಟರ್ ಹಾಗೇ ಬಿಟ್ಟರೆ, ಮೇಲಿನ ಸ್ವರಗಳಲ್ಲಿ ಸ್ಟೀರಿಯೊ ಕಣ್ಣಿಗೆ 4 ಓಮ್ ಬದಲು 2 ಓಮ್ ಕಾಣುತ್ತದೆ, ಚಿಪ್ಪು ಕಾಯುತ್ತದೆ, ಜೊತೆಗೆ 'ಸ್' ಅಕ್ಷರ ಕಿವಿಗೆ ಚುಚ್ಚುತ್ತದೆ. ಎರಡರಲ್ಲಿ ಒಂದನ್ನು ಬಿಡಿಸಿ. ಇನ್ನು ಕೆಪಾಸಿಟರ್ ಇಲ್ಲದೆ ಟ್ವೀಟರನ್ನು ನೇರ ಜೋಡಿಸಿದರೆ ಅದರ ಆಯುಸ್ಸು ಒಂದು ಹಾಡು. 4 ಓಮ್ ಟ್ವೀಟರ್‌ಗೆ 10 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 4,000 ಹರ್ಟ್ಸ್ ಕೆಳಗಿನದ್ದನ್ನು ತಗ್ಗಿಸುತ್ತದೆ.

ಕೂರಿಸುವಾಗ ಅಳೆಯಬೇಕಾದ್ದು ಆಳ. ಗಾಜು ಪೂರ್ತಿ ಇಳಿಸಿ, ಒಳತಗಡಿನಿಂದ ಗಾಜಿಗೆ ಎಷ್ಟು ಜಾಗವಿದೆ ನೋಡಿ. ಹೊಸ ಸ್ಪೀಕರ್‌ನ ಮ್ಯಾಗ್ನೆಟ್ ಅದಕ್ಕಿಂತ ಕನಿಷ್ಠ 5 ಮಿ.ಮೀ. ಗಿಡ್ಡ ಇರಬೇಕು. ಸಾಲದಿದ್ದರೆ ರಿಂಗ್ ಹಾಕಿ ಮುಂದಕ್ಕೆ ತರಬಹುದು. ಎಂಡಿಎಫ್ ರಿಂಗ್ ಮಳೆಗಾಲದಲ್ಲಿ ಹಪ್ಪಳದ ಹಾಗೆ ಉಬ್ಬುತ್ತದೆ, ಪ್ಲಾಸ್ಟಿಕ್ಕಿನದು ಕೇಳಿ. ರಿಂಗ್ ಮತ್ತು ತಗಡಿನ ನಡುವೆ ಫೋಮ್ ಗ್ಯಾಸ್ಕೆಟ್ ಇಲ್ಲದಿದ್ದರೆ ಬಾಗಿಲಿಗೆ ಮಾಡಿದ ಅಷ್ಟೂ ಕೆಲಸ ಆ ಸಂದಿಯಲ್ಲಿ ಸೋರಿಹೋಗುತ್ತದೆ. ತಂತಿ ಕತ್ತರಿಸಲು ಬಿಡಬೇಡಿ. ಆಯಾ ಕಾರಿನ ಕಪ್ಲರ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ವಾರಂಟಿ ತಕರಾರು ಹುಟ್ಟುವುದು ಕತ್ತರಿಸಿ ಟೇಪ್ ಸುತ್ತಿದ ಜಾಗದಿಂದಲೇ.

ಹಿಂಬಾಗಿಲಿನ ಸ್ಪೀಕರ್? ಬಿಟ್ಟುಬಿಡಿ. ಮುಂದೆ ಕೂತವರಿಗೆ ಅವು ಬೆನ್ನಹಿಂದೆ ಮಾತಾಡಿದ ಹಾಗೆ. ಆ ದುಡ್ಡನ್ನು ಮುಂದಿನ ಜೋಡಿಗೆ ಸೇರಿಸಿ. ಹಿಂದೆ ಸದಾ ಅಪ್ಪ ಅಮ್ಮ, ಮಕ್ಕಳು ಕೂರುವ ಮನೆಯಾದರೂ ಕಂಪನಿಯವು ಅವರ ಪಾಲಿಗೆ ಸಾಕಾಗುತ್ತವೆ.

ಆ್ಯಂಪ್ ಯಾವಾಗ

ಹೊಸ ಸ್ಪೀಕರ್ ಹಾಕಿಯೂ ವಾಲ್ಯೂಮ್ ಮುಕ್ಕಾಲು ದಾಟಿದಾಗ ಹಾಡುವವರ ದನಿ ಕಿರುಚಿದಂತಾದರೆ, ಅಥವಾ ಬಾಸ್ ಇದ್ದಕ್ಕಿದ್ದಂತೆ ಬಡವಾದರೆ, ಈಗ ಆ್ಯಂಪ್‌ನ ಸರದಿ. ಮೊದಲನೆಯದು ಚಿಪ್ಪಿನ ಉಸಿರು ಮುಗಿದ ಲಕ್ಷಣ. ಎರಡನೆಯದಕ್ಕೆ ಕಾರಣ ಬೇರೆ: ಅಗ್ಗದ ಸ್ಪೀಕರ್ ಹರಿಯದಿರಲೆಂದು ಎಷ್ಟೋ ಕಂಪನಿ ಸ್ಟೀರಿಯೊಗಳು ವಾಲ್ಯೂಮ್ ಏರಿದಂತೆ ಬಾಸನ್ನು ತಾವಾಗಿ ಇಳಿಸುತ್ತವೆ. ಸ್ಪೀಕರ್ ಬದಲಾದದ್ದು ಅದಕ್ಕೆ ಗೊತ್ತಾಗದು, ಇಳಿಸುತ್ತಲೇ ಇರುತ್ತದೆ. ಆ್ಯಂಪ್ ಇದ್ದರೆ ಸ್ಟೀರಿಯೊವನ್ನು ಬಾಸ್ ಕತ್ತರಿಸುವ ಮಟ್ಟಕ್ಕಿಂತ ಕೆಳಗೇ ಇಟ್ಟುಕೊಂಡು ಉಳಿದ ಜೋರನ್ನು ಆ್ಯಂಪ್‌ನಿಂದ ಪಡೆಯಬಹುದು.

ಕೊಳ್ಳುವುದಾದರೆ 4 ಚಾನೆಲ್‌ನದ್ದು, ಪ್ರತಿ ಚಾನೆಲ್‌ಗೆ 50ರಿಂದ 75 ವಾಟ್ ಆರ್‌ಎಂಎಸ್, ಕ್ಲಾಸ್ ಡಿ (ಕಡಿಮೆ ಕರೆಂಟ್ ತಿನ್ನುವ ಬಗೆ), ಹೈ ಲೆವೆಲ್ ಇನ್‌ಪುಟ್ ಇರುವಂಥದ್ದು, 8,000ದಿಂದ 18,000. ಎರಡು ಚಾನೆಲ್ ಮುಂದಿನ ಸ್ಪೀಕರ್‌ಗೆ, ಉಳಿದೆರಡನ್ನು ಬ್ರಿಡ್ಜ್ ಮಾಡಿ, ಅಂದರೆ ಒಂದಾಗಿ ಸೇರಿಸಿ, ಮುಂದೊಂದು ದಿನ ಸಬ್‌ಊಫರ್‌ಗೆ (ಬಾಸ್‌ಗೆಂದೇ ಇರುವ ಸ್ಪೀಕರ್). ಹೈ ಲೆವೆಲ್ ಇನ್‌ಪುಟ್ ಇದ್ದರೆ ಕಂಪನಿ ಸ್ಟೀರಿಯೊದ ಸ್ಪೀಕರ್ ತಂತಿಯನ್ನೇ ಆ್ಯಂಪ್‌ಗೆ ಕೊಡಬಹುದು, ಪರದೆ ಬದಲಿಸುವ ಪ್ರಮೇಯವೇ ಬರುವುದಿಲ್ಲ.

ಕರೆಂಟಿನ ಲೆಕ್ಕ ನೀವೇ ಹಾಕಿ. 4 × 75 ಅಂದರೆ 300 ವಾಟ್, ಕ್ಲಾಸ್ ಡಿ ದಕ್ಷತೆ 80 ಶೇಕಡಾ ಹಿಡಿದರೆ ಒಳಕ್ಕೆ 375 ವಾಟ್ ಬೇಕು, 13.8 ವೋಲ್ಟ್‌ಗೆ ಸುಮಾರು 27 ಆಂಪಿಯರ್. ಹಳೆಯ ಕ್ಲಾಸ್ ಎಬಿ ಆಗಿದ್ದರೆ ಇದೇ ಸದ್ದಿಗೆ 40ರ ಆಸುಪಾಸು. ಅಪ್ಪಟ ತಾಮ್ರದ 8 ಗೇಜ್ ತಂತಿ, 30ರಿಂದ 40 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಬೇಕು, ಅದು ಕಾಯುವುದು ಆ್ಯಂಪನ್ನಲ್ಲ, ತಂತಿಯನ್ನು. ಎಂಜಿನ್ ಗೋಡೆ ದಾಟುವಲ್ಲಿ ತಗಡಿನ ಅಂಚಿಗೆ ಉಜ್ಜಿ ಶಾರ್ಟ್ ಆದರೆ ಫ್ಯೂಸ್ ಕಾಯದ ಭಾಗದಲ್ಲಿ, ಅಂದರೆ ಬ್ಯಾಟರಿಗೂ ಫ್ಯೂಸ್‌ಗೂ ನಡುವೆ, ಬೆಂಕಿ ಹೊತ್ತುತ್ತದೆ. ಅಲ್ಲಿ ರಬ್ಬರ್ ಗ್ರೋಮೆಟ್ ಇದೆಯೇ, ಕೈಯಿಂದ ಮುಟ್ಟಿ ನೋಡಿ. 'ವೈರಿಂಗ್ ಕಿಟ್ 800 ರೂಪಾಯಿ' ಎಂದು ಸಿಗುವ ದಪ್ಪ ತಂತಿಗಳು ಹೆಚ್ಚಾಗಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದರ ಪ್ರತಿರೋಧ ಒಂದೂವರೆ ಪಟ್ಟು.

ಗ್ರೌಂಡ್ ತಂತಿ ಅರ್ಧ ಮೀಟರ್ ಒಳಗಿರಲಿ, ಬಣ್ಣ ಕೆರೆದ ಬರಿತಗಡಿಗೆ ಬೋಲ್ಟ್ ಮಾಡಿರಲಿ. ಬಣ್ಣದ ಮೇಲೇ ಸ್ಕ್ರೂ ಬಿಗಿದ ಕಾರುಗಳಲ್ಲಿ ಆಕ್ಸಿಲರೇಟರ್ ಒತ್ತಿದಂತೆ ಸೊಳ್ಳೆಯ ಹಾಗೆ 'ಗುಂಯ್ಯ್' ಏರುತ್ತದೆ. ಪವರ್ ತಂತಿ ಕಾರಿನ ಒಂದು ಬದಿಯಲ್ಲಿ ಹೋದರೆ ಸಿಗ್ನಲ್ ತಂತಿ ಇನ್ನೊಂದು ಬದಿಯಲ್ಲಿ ಹೋಗಬೇಕು, ಅದೂ ಇದೇ ಸೊಳ್ಳೆಗೆ ಮದ್ದು. ಸ್ಟೀರಿಯೊ ಜೊತೆಗೇ ಆ್ಯಂಪನ್ನು ಆನ್, ಆಫ್ ಮಾಡುವ ರಿಮೋಟ್ ತಂತಿಯನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರೆ ಆ್ಯಂಪ್ ಆರುವುದೇ ಇಲ್ಲ. ಸುಮ್ಮನಿದ್ದಾಗಲೂ ಅದು 1 ಆಂಪಿಯರ್ ಎಳೆದರೆ ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಒಂದೂವರೆ ದಿನಕ್ಕೆ ಮಲಗುತ್ತದೆ. ಭಾನುವಾರ ಮನೆಯಲ್ಲಿ ನಿಂತ ಕಾರು ಸೋಮವಾರ ಸ್ಟಾರ್ಟ್ ಆಗದಿದ್ದರೆ ಮೊದಲು ಇಲ್ಲೇ ನೋಡಿ. ವಿದ್ಯುತ್ ಕಾರಿನಲ್ಲೂ ಆ್ಯಂಪ್ ಹಾಕಬಹುದು, 12 ವೋಲ್ಟ್ ಬ್ಯಾಟರಿಯಿಂದ. ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆ ಮಾತ್ರ ಯಾರ ಕೈಯೂ ಹೋಗಕೂಡದು.

ಆ್ಯಂಪ್ ಮೇಲಿನ ಗೇನ್ ತಿರುಪು ವಾಲ್ಯೂಮ್ ಅಲ್ಲ, ಸ್ಟೀರಿಯೊದ ಸಿಗ್ನಲ್‌ಗೆ ಆ್ಯಂಪನ್ನು ಹೊಂದಿಸುವಂಥದ್ದು. ಸ್ಪೀಕರ್ ತಂತಿ ಬಿಡಿಸಿ, 1,000 ಹರ್ಟ್ಸ್ ಟೋನ್ ಹಾಕಿ, ಸ್ಟೀರಿಯೊ ಮುಕ್ಕಾಲಿಗೆ ಇಟ್ಟು, ಆ್ಯಂಪ್ ಔಟ್‌ಪುಟ್‌ನಲ್ಲಿ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ನೋಡಬೇಕು. 4 ಓಮ್‌ಗೆ 50 ವಾಟ್ ಬೇಕಾದರೆ 14.1 ವೋಲ್ಟ್, 75 ವಾಟ್‌ಗೆ 17.3. ಅಲ್ಲಿಗೆ ತಿರುಪು ನಿಲ್ಲಿಸಿ. ಕಿವಿಯಲ್ಲಿ ಕೇಳಿ 'ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ' ಎಂದು ತಿರುಗಿಸಿದ ಕಡೆಗಳಲ್ಲೇ ವಾಯ್ಸ್ ಕಾಯಿಲ್ ಸುಟ್ಟ ವಾಸನೆ ಬರುವುದು.

ಬಲಗಡೆ ಕೂತವರ ತೊಂದರೆ

ನಮ್ಮಲ್ಲಿ ಚಾಲಕರು ಬಲಕ್ಕೆ ಕೂರುತ್ತಾರೆ. ಬಲ ಸ್ಪೀಕರ್ ಸುಮಾರು 90 ಸೆಂ.ಮೀ. ದೂರ, ಎಡದ್ದು 140 ಎಂದಿಟ್ಟುಕೊಳ್ಳಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ, ಅಲ್ಲಿಗೆ ಎಡದ್ದು ಒಂದೂವರೆ ಮಿಲಿಸೆಕೆಂಡ್ ತಡ. ಇಷ್ಟಕ್ಕೇ ಗಾಯಕಿ ನಿಮ್ಮ ಬಲ ಮೊಣಕಾಲ ಹತ್ತಿರ ಕೂತು ಹಾಡಿದಂತೆ ಕೇಳುತ್ತದೆ. ಎಷ್ಟು ದುಬಾರಿ ಸ್ಪೀಕರ್ ತಂದರೂ ಇದು ಹೋಗುವುದಿಲ್ಲ. ಡಿಎಸ್‌ಪಿ (ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಚಿಪ್) ಇರುವ ಆ್ಯಂಪ್ ಬಲ ಸ್ಪೀಕರನ್ನು ಅಷ್ಟೇ ತಡ ಮಾಡಿಸಿ ದನಿಯನ್ನು ಡ್ಯಾಶ್‌ಬೋರ್ಡ್ ನಡುವಿಗೆ ತರುತ್ತದೆ, 15,000ದಿಂದ 35,000. ಒಬ್ಬರೇ ದೂರ ಓಡಾಡುತ್ತಾ, ಗಮನವಿಟ್ಟು ಕೇಳುವವರಿಗೆ ಇದು ಕಣ್ಣು ಮುಚ್ಚಿ ಕೊಳ್ಳಬಹುದಾದದ್ದು. ಪಕ್ಕದ ಸೀಟಿನವರಿಗೆ ಮಾತ್ರ ಸೌಂಡ್ ಇನ್ನಷ್ಟು ವಾಲುತ್ತದೆ, ಮನೆಯಲ್ಲಿ ಮೊದಲೇ ಹೇಳಿಟ್ಟಿರಿ.

ಸಬ್‌ಊಫರ್: ಸೀಟಿನ ಕೆಳಗೋ, ಡಿಕ್ಕಿಯಲ್ಲೋ

ನಿಂತ ಕಾರಿನಲ್ಲಿ ಚೆನ್ನಾಗಿದ್ದ ಬಾಸ್ ಹೆದ್ದಾರಿ ಹತ್ತಿದೊಡನೆ ಮಾಯವಾಗುತ್ತದೆ. ಟೈರಿನ ಮೊರೆತದಲ್ಲಿ ಹೆಚ್ಚಿನ ಪಾಲು ಕೆಳಸ್ವರದ್ದೇ, ಅದು ಹಾಡಿನ ಕೆಳಸ್ವರವನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಊರೂರು ಸುತ್ತುವವರಿಗೆ, ಸಿನಿಮಾ ಹಾಡು, ಡೊಳ್ಳು, ತಮಟೆ ಬೇಕೆನ್ನುವವರಿಗೆ ಸಬ್ ತೋರಿಕೆಯ ವಸ್ತುವಲ್ಲ. ಶಾಸ್ತ್ರೀಯ ಸಂಗೀತ, ಯಕ್ಷಗಾನದ ಭಾಗವತಿಕೆ ಕೇಳುವವರಿಗೆ ಬಾಗಿಲು ಸರಿಮಾಡಿದ 6.5 ಇಂಚೇ ಸಾಕು.

ಸೀಟಿನ ಕೆಳಗಿನದು 8 ಇಂಚು, ಒಳಗೇ ಆ್ಯಂಪ್, ಎತ್ತರ ಏಳೆಂಟು ಸೆಂ.ಮೀ.; 8,000ದಿಂದ 20,000. ಡಿಕ್ಕಿ ಉಳಿಯುತ್ತದೆ, ಬೆನ್ನಿಗೆ ಹಿತವಾದ ಗುದ್ದು ಸಿಗುತ್ತದೆ, ಆದರೆ 40 ಹರ್ಟ್ಸ್ ಕೆಳಗೆ ಅದರ ಆಟ ಮುಗಿಯಿತು. ಸೀಟಿನ ಕೆಳಗೆ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗ್‌ನದು, ಎಳೆಯುವಂತಿಲ್ಲ. ಹಿಂದಿನವರಿಗೆ ಎಸಿ ಗಾಳಿ ಹೋಗುವ ಕೊಳವೆ ಮುಚ್ಚಿಹೋಗದಂತೆ ನೋಡಿ. ಮಳೆಗೆ ಅಂಡರ್‌ಪಾಸ್ ತುಂಬುವ ಊರಿನಲ್ಲಿ ಕಾರಿನೊಳಗೆ ನೀರು ಬಂದರೆ ಮೊದಲು ಮುಳುಗುವುದೂ ಇದೇ.

ಡಿಕ್ಕಿಗಾದರೆ 10 ಇಂಚು, ಮುಚ್ಚಿದ ಡಬ್ಬ, 15ರಿಂದ 20 ಲೀಟರ್. ಸಣ್ಣ ಕಾರಿನ ಒಳಾವರಣವೇ ಕೆಳಗಿನ ಸ್ವರಗಳಿಗೆ ಒತ್ತು ಕೊಡುವುದರಿಂದ 12 ಇಂಚಿನ ಅಗತ್ಯ ಬೀಳುವುದಿಲ್ಲ. ತೂತಿನ ಡಬ್ಬ ಜೋರು, ಆದರೆ ಪ್ರತಿ ಏಟಿಗೂ ಬಾಲ ಬೆಳೆಯುತ್ತದೆ. ಚಂಡೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಬೇಕೆನ್ನುವವರು ಮುಚ್ಚಿದ್ದೇ ಆರಿಸುತ್ತಾರೆ. ಸಬ್ 80 ಹರ್ಟ್ಸ್ ಕೆಳಗೆ, ಬಾಗಿಲ ಸ್ಪೀಕರ್ 80ರ ಮೇಲೆ. ಸಬ್ ಮತ್ತು ಬಾಗಿಲ ಸ್ಪೀಕರ್‌ಗಳ ತಳ್ಳು-ಎಳೆತ ಹೊಂದಿಸುವ ಫೇಸ್ ಗುಂಡಿಯನ್ನು ಎರಡೂ ಕಡೆ ತಿರುಗಿಸಿ, ಚಾಲಕನ ಸೀಟಿನಲ್ಲಿ ಬಾಸ್ ಎಲ್ಲಿ ತುಂಬಿ ಕೇಳುತ್ತದೋ ಅಲ್ಲಿ ಬಿಡಿ. ಡಬ್ಬವನ್ನು ಕಟ್ಟಿ ಹಾಕಿ. ಹದಿನೈದು ಕಿಲೋ ಮರದ ತುಂಡು ಸಡನ್ ಬ್ರೇಕಿಗೆ ಎಲ್ಲಿಗೆ ಹಾರುತ್ತದೆಂದು ಹೇಳಬೇಕಿಲ್ಲ. ಅಂದ ಹಾಗೆ, ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರ ನಂತರ 45 ಡೆಸಿಬೆಲ್. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಟ್ಯೂನಿಂಗ್ ಬೇಡ.

ಪರದೆ, ಮತ್ತು ಮೇಲಿನ ವೇರಿಯಂಟ್

ಪರದೆ ಬದಲಿಸಲು ಸರಿಯಾದ ಕಾರಣಗಳಿವೆ: ಕಾರಿನಲ್ಲಿ ಬ್ಲೂಟೂತೇ ಇಲ್ಲ, ಬೇಸ್ ವೇರಿಯಂಟ್‌ನಲ್ಲಿ ಸ್ಟೀರಿಯೊವೇ ಇಲ್ಲ, ಇದ್ದದ್ದು ಕೆಟ್ಟಿದೆ. ಆಗ ಮೂರು ಜೋಡಿ ಆರ್‌ಸಿಎ ಔಟ್‌ಪುಟ್ (ಆ್ಯಂಪ್‌ಗೆ ಸಿಗ್ನಲ್ ಕೊಡುವ ಪಿನ್ನು) ಮತ್ತು ಟೈಮ್ ಅಲೈನ್‌ಮೆಂಟ್ (ಹತ್ತಿರದ ಸ್ಪೀಕರ್ ತಡ ಮಾಡಿಸುವ ಸೌಕರ್ಯ) ಇರುವುದನ್ನೇ ಕೊಳ್ಳಿ. ಪಯೋನಿಯರ್, ಕೆನ್‌ವುಡ್, ಆಲ್ಪೈನ್‌ನ ಕೆಲವು ಮಾದರಿಗಳಲ್ಲಿ ಸಿಗುತ್ತದೆ, ಬೇರೆ ಡಿಎಸ್‌ಪಿ ಖರ್ಚು ಉಳಿಯುತ್ತದೆ. ವೈರ್‌ಲೆಸ್ ಕಾರ್‌ಪ್ಲೇ ಒಂದೇ ಬೇಕೆಂದಾದರೆ ಕಂಪನಿ ಪರದೆಗೆ ಚುಚ್ಚುವ ಡಾಂಗಲ್ ಸಾಕು. ಈಚಿನ ಕಾರುಗಳಲ್ಲಿ ಎಸಿ, ರಿವರ್ಸ್ ಕ್ಯಾಮೆರಾ, ವಾಹನದ ಸೆಟ್ಟಿಂಗು ಎಲ್ಲ ಅದೇ ಪರದೆಯಲ್ಲಿ ಹೆಣೆದುಕೊಂಡಿರುವುದರಿಂದ ಕಿತ್ತರೆ ಕಳೆದುಕೊಳ್ಳುವುದೇ ಹೆಚ್ಚು.

ಹೊಸ ಕಾರು ಬುಕ್ ಮಾಡುವವರ ಪ್ರಶ್ನೆ ಬೇರೆ. ಕ್ರೆಟಾ, ಸೆಲ್ಟೋಸ್‌ನ ಮೇಲಿನ ವೇರಿಯಂಟ್‌ಗಳಲ್ಲಿ 8 ಸ್ಪೀಕರ್‌ನ ಬೋಸ್, ನೆಕ್ಸಾನ್‌ನಲ್ಲಿ ಸಬ್ ಸೇರಿ 9 ಸ್ಪೀಕರ್‌ನ ಜೆಬಿಎಲ್ ಬಂದಿವೆ. ಉಳಿದ ಸೌಕರ್ಯಗಳೂ ಬೇಕಿದ್ದರೆ ಇವನ್ನು ಕೊಳ್ಳಿ; ಸೌಂಡ್ ಒಂದಕ್ಕೇ ವೇರಿಯಂಟ್ ಏರುವುದು ನಷ್ಟ, ಆ ವ್ಯತ್ಯಾಸದ ಅರ್ಧಕ್ಕೇ ಹೊರಗೆ ಇದಕ್ಕಿಂತ ಒಳ್ಳೆಯದನ್ನು ಕಟ್ಟಿಸಬಹುದು. ಈಗಾಗಲೇ ಇಂಥ ಸಿಸ್ಟಮ್ ಇರುವ ಕಾರಿನಲ್ಲಿ ಬರೀ ಸ್ಪೀಕರ್ ಬದಲಿಸಬೇಡಿ. ಇಂಥ ಸಿಸ್ಟಮ್‌ಗಳಲ್ಲಿ ಸ್ಪೀಕರ್ 2 ಓಮ್ ಅಥವಾ ಅದಕ್ಕೂ ಕಡಿಮೆ ಇರುವುದುಂಟು, ಕಂಪನಿ ಆ್ಯಂಪ್‌ನ ಟ್ಯೂನಿಂಗ್ ಆ ಸ್ಪೀಕರ್‌ಗೇ ಹೊಲಿದ ಅಂಗಿ. ಅಂಗಡಿಯ 4 ಓಮ್ ಸ್ಪೀಕರ್ ಕೂರಿಸಿದರೆ ಸದ್ದು ಮೊದಲಿಗಿಂತ ತಗ್ಗುತ್ತದೆ. ಅಲ್ಲಿ ಬಾಗಿಲಿಗೆ ಶೀಟ್ ಹಾಕಿಸಿ, ಅಷ್ಟಕ್ಕೇ ಕೈ ತೊಳೆದುಕೊಳ್ಳಿ.

ಕೈಯಲ್ಲಿ 5,000 ಇದ್ದರೆ ಮುಂಬಾಗಿಲಿಗೆ ಶೀಟು. 15,000 ಇದ್ದರೆ ಅದರ ಜೊತೆ ಕಾಂಪೊನೆಂಟ್ ಜೋಡಿ. 30,000ಕ್ಕೆ ಆ್ಯಂಪ್ ಸೇರುತ್ತದೆ. 60,000ಕ್ಕೆ ಡಿಎಸ್‌ಪಿ, ಸಬ್ ಎರಡೂ ಬರುತ್ತವೆ. ಒಂದೇ ಸಲ ಮಾಡಿಸಬೇಕಿಲ್ಲ, ಈ ಕ್ರಮದಲ್ಲಿ ವರ್ಷಕ್ಕೊಂದು ಮೆಟ್ಟಿಲು ಹತ್ತಿದರೆ ಹಿಂದಿನದ್ಯಾವುದೂ ವ್ಯರ್ಥವಾಗುವುದಿಲ್ಲ.

ಕೆಲಸ ಮುಗಿದ ದಿನ

ಕಳಚಿದ ಕಂಪನಿ ಸ್ಪೀಕರ್, ಗ್ರಿಲ್, ಸ್ಕ್ರೂ ಎಲ್ಲ ಕೇಳಿ ಮನೆಗೆ ತನ್ನಿ. ಕಾರು ಮಾರುವಾಗ ಅವನ್ನು ಮರಳಿ ಹಾಕಿ, ಹೊಸವನ್ನು ಮುಂದಿನ ಕಾರಿಗೆ ಒಯ್ಯಬಹುದು. ದುಡ್ಡು ಕೊಡುವ ಮೊದಲು ನಾಲ್ಕೂ ಗಾಜು ಪೂರ್ತಿ ಇಳಿಸಿ ಏರಿಸಿ, ಬಾಗಿಲ ಲಾಕು, ಕನ್ನಡಿ ಮಡಚುವ ಗುಂಡಿ ಒತ್ತಿ ನೋಡಿ. ಎಂಜಿನ್ ಸ್ಟಾರ್ಟ್ ಮಾಡಿ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸೊಳ್ಳೆ ಕೂಗುತ್ತದೆಯೇ ಕೇಳಿ, ಬ್ಯಾಲೆನ್ಸ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಅಂಗಡಿಯಲ್ಲೇ ಒಂದು ಬಕೆಟ್ ನೀರು ಕೇಳಿ, ಏರಿಸಿದ ಗಾಜಿನ ಮೇಲೆ ಸುರಿದು ಬಗ್ಗಿ ನೋಡಿ. ಒಂದು ನಿಮಿಷದೊಳಗೆ ಬಾಗಿಲ ತಳದ ಸೀಳುಗಳಿಂದ ನೀರು ಸೋರಲು ಶುರುವಾಗಬೇಕು, ಒಳಗಿನ ಚಾಪೆ ಒಣಗಿಯೇ ಇರಬೇಕು. ಹಾಗಿಲ್ಲದಿದ್ದರೆ ಪ್ಯಾಡ್ ಇನ್ನೊಮ್ಮೆ ಬಿಚ್ಚಿಸಿ.